ಕೊಸರಿಗೆಂದು ಮಾಡಿದ ಶ್ರುತಿ

ಶಿಕಾರಿಪುರ

ಐಸ್‌ಲ್ಯಾಂಡ್ ಎಂಬ ದೇಶಕ್ಕೆ ನನ್ನನ್ನು ಕರೆಸಿಕೊಂಡದ್ದು ಒಂದು ಹರಿದ ತಿದಿ. ಹಾರ್ಮೋನಿಯಂಗೆ ಗಾಳಿ ಒದಗಿಸುವ ಚರ್ಮದ ಭಾಗಕ್ಕೆ ನಾವು ತಿದಿ ಎನ್ನುತ್ತೇವೆ. ನನ್ನ ಕಸುಬು ಹಾರ್ಮೋನಿಯಂ ರಿಪೇರಿ. ಅಪ್ಪ ನಾಟಕ ಕಂಪನಿಗಳ ಬೆನ್ನು ಹತ್ತಿ ಊರೂರು ತಿರುಗಿ ಈ ಕೆಲಸ ಮಾಡಿದರು. ನಾನು ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಅಂಗಡಿ ಹಾಕಿಕೊಂಡು ಕೂತಲ್ಲೇ ಮಾಡುತ್ತೇನೆ. ಸೊರಬ, ಆನವಟ್ಟಿ ಕಡೆಯ ಭಜನಾ ಮಂಡಳಿಯವರು ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಕೂಸನ್ನು ಡಾಕ್ಟರ ಹತ್ತಿರ ತರುವ ಹಾಗೆ ತರುತ್ತಾರೆ.

ನಾಲ್ಕೈದು ವರ್ಷದ ಹಿಂದೆ ಬಳ್ಳಿಗಾವಿಯ ದೇವಸ್ಥಾನ ನೋಡಲು ಬಂದಿದ್ದ ಉದ್ದ ಕೂದಲಿನ ಬಿಳಿಯನೊಬ್ಬನನ್ನು ಬಸ್ ಕಂಡಕ್ಟರ್ ಕೈ ಹಿಡಿದು ತಂದು ನನ್ನ ಅಂಗಡಿಯಲ್ಲಿ ಬಿಟ್ಟಿದ್ದ. ಅವನ ಹೆಸರು ಐನಾರ್. ಮುಂಬಯಿಯಲ್ಲಿ ಕೊಂಡ ಹಾರ್ಮೋನಿಯಂನ ಒಂದು ಕೀ ಅದುಮಿದರೆ ಮೇಲೇಳುತ್ತಿರಲಿಲ್ಲ. ಅದನ್ನು ಸರಿ ಮಾಡುವಷ್ಟು ಹೊತ್ತೂ ಚಾಪೆಯ ಮೇಲೆ ಕುಳಿತು ನೋಡಿದ. ತನ್ನೂರಿನಲ್ಲಿ ತಾನು ಡ್ರಮ್ಮು ಬಾರಿಸುವವನೆಂದು ಕೈಯಾಡಿಸಿ ತೋರಿಸಿದ. ಆಮೇಲೆ ವರ್ಷಕ್ಕೊಂದೊಂದರಂತೆ ಅವನ ತಂಡದ ಮೂರು ಕ್ಯಾಸೆಟ್ಟುಗಳು ಅಂಚೆಯಲ್ಲಿ ಬಂದವು. ತಂಡದ ಹೆಸರಿಗೆ ಅವರ ಭಾಷೆಯಲ್ಲಿ ಕಣಿವೆಯಲ್ಲಿ ತೆವಳುವ ಮಂಜು ಎಂದು ಅರ್ಥವಂತೆ. ನಮ್ಮ ಮನೆಯಲ್ಲಿ ಅದು ಮಂಜಿನ ಮೇಳ ಎಂದಾಯಿತು.

ಮೊದಲ ಕ್ಯಾಸೆಟ್ಟು ಹಾಕಿದಾಗ ನನ್ನ ಹೆಂಡತಿ ಗಿರಿಜಾ ಒಳಗಿನಿಂದ ಬಂದು, ಅಕ್ಕಿ ಗಿರಣಿಗೆ ಹೊಸ ಮೋಟರು ಹಾಕಿದರೇ ಎಂದು ಕೇಳಿದಳು. ಬರೀ ಗಿಟಾರಿನ ಅಬ್ಬರ. ಎರಡನೆಯದು ಎಷ್ಟೋ ಸಮಾಧಾನವಾಗಿತ್ತು. ಮೂರನೆಯದರಲ್ಲಿ ಹಾಡು ಮುಂದಕ್ಕೆ ಹೋಗುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ, ಆದರೆ ಕೇಳುತ್ತ ಕೂತರೆ ಏಳಲು ಮನಸ್ಸಾಗುತ್ತಿರಲಿಲ್ಲ. ಮೂರರಲ್ಲೂ ಹಿಂದೆ ಕಾಲಿನ ಹಾರ್ಮೋನಿಯಂ, ಅಂದರೆ ಕಾಲಲ್ಲಿ ತಿದಿ ಒತ್ತಿ ನುಡಿಸುವ ಪೆಟ್ಟಿಗೆ, ಇತ್ತು, ಅದರ ಒಂದು ಸ್ವರ ತೂಗಾಡುತ್ತಿತ್ತು. ನಮ್ಮ ಬೀದಿಯಲ್ಲಿ ಕರೆಂಟಿನ ವೋಲ್ಟೇಜು ಬಿದ್ದರೆ ಟೇಪ್‌ರೆಕಾರ್ಡರು ಹೀಗೇ ಎಳೆದೆಳೆದು ಹಾಡುತ್ತದೆ. ನಾನು ಎರಡು ಸಲ ಅದರ ಬೆಲ್ಟು ಬದಲಾಯಿಸಿದೆ. ಕರೆಂಟ್ ಆಫೀಸಿನವರನ್ನೂ ಬೈದೆ.

ಈ ವರ್ಷ ಐನಾರನ ಕಾಗದ ಬಂತು. ಚರ್ಚೊಂದರಿಂದ ತಂದಿದ್ದ ಆ ಹಳೆಯ ಕಾಲಿನ ಪೆಟ್ಟಿಗೆಯ ತಿದಿ ಹರಿದಿದೆ, ಹೊಸ ಹಾಡುಗಳ ರೆಕಾರ್ಡಿಂಗ್ ಹತ್ತಿರ ಬಂದಿದೆ, ಇಲ್ಲಿ ಈ ಕೆಲಸ ಬಲ್ಲವರು ಉಳಿದಿಲ್ಲ, ನೀವು ಬರುತ್ತೀರಾ ಎಂದು ಕೇಳಿದ್ದ. ಅದನ್ನು ಓದಿ ಹೇಳಿದವನು ರುದ್ರಪ್ಪ, ಗಿರಿಜಾಳ ತಮ್ಮ. ಸೊರಬದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ನನಗೆ ಇಂಗ್ಲಿಷ್ ಬಾರದು ಎಂಬ ಒಂದೇ ಅರ್ಹತೆಯ ಮೇಲೆ ಅವನೂ ಹೊರಟ. ಗಿರಿಜಾ ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟು, ಇಬ್ಬರಲ್ಲಿ ಒಬ್ಬರಿಗಾದರೂ ದಾರಿ ನೆನಪಿರಲಿ ಎಂದಳು.

ರೇಕ್ಯಾವಿಕ್

ದಾರಿಯುದ್ದಕ್ಕೂ ವಿಮಾನ ನಿಲ್ದಾಣಗಳಲ್ಲಿ ನನ್ನ ಚೀಲವನ್ನೇ ಬಿಚ್ಚಿಸಿದರು. ಅದರಲ್ಲಿ ಉಜ್ಜುವ ಅರಗಳು, ಚಿಮಟ, ಸರೇಸಿನ ಅಂಟು, ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳಿದ್ದವು. ರುದ್ರಪ್ಪ ಪ್ರತಿ ಸಲವೂ ನನ್ನನ್ನು ತೋರಿಸಿ, ಇವರು ಸಂಗೀತದ ವೈದ್ಯರು ಎಂದು ಪಾಠ ಒಪ್ಪಿಸಿದ. ಒಬ್ಬ ಅಧಿಕಾರಿ ರೀಡನ್ನು ತುಟಿಗಿಟ್ಟು ಊದಿ, ಸ್ವರ ಬಂದಾಗ ತಾನೇ ನಕ್ಕು ಬಿಟ್ಟುಬಿಟ್ಟ.

ಐನಾರ್ ನಮ್ಮನ್ನು ಎದುರುಗೊಂಡ. ಕೂದಲು ಕತ್ತರಿಸಿಕೊಂಡಿದ್ದರಿಂದ ಮೊದಲು ಗುರುತು ಸಿಗಲಿಲ್ಲ. ಅವರ ಊರಿನಲ್ಲಿ ಮನೆಯೊಳಗೆ ಹೋಗುವ ಮುಂಚೆ ಎಲ್ಲರೂ ಚಪ್ಪಲಿ, ಬೂಟು ಬಾಗಿಲಲ್ಲೇ ಬಿಡುತ್ತಾರೆ. ಅದನ್ನು ಕಂಡು ನನಗೆ ಅರ್ಧ ಧೈರ್ಯ ಬಂತು. ಅದೂ ಈಜುಕೊಳದಲ್ಲಿ ಹೋಯಿತು. ನೆಲದಿಂದಲೇ ಬರುವ ಬಿಸಿನೀರಿನ ಕೊಳವದು. ಇಳಿಯುವ ಮೊದಲು ಮೈಮೇಲೆ ನೂಲೆಳೆ ಇಲ್ಲದೆ ಎಲ್ಲರೆದುರು ಸೋಪು ಹಚ್ಚಿ ಸ್ನಾನ ಮಾಡಬೇಕು. ರುದ್ರಪ್ಪ ಪಂಚೆ ಸುತ್ತಿಕೊಂಡೇ ಮೂಲೆಯಲ್ಲಿ ನಿಂತ. ಅಲ್ಲಿನ ಕಾವಲಿನ ಮುದುಕ ಬಂದು ಬಹಳ ಮರ್ಯಾದೆಯಿಂದ ಗೋಡೆಯ ಮೇಲಿನ ಚಿತ್ರವನ್ನು ತೋರಿಸಿದ. ಮನುಷ್ಯನ ಮೈಯಲ್ಲಿ ಎಲ್ಲೆಲ್ಲಿ ಸೋಪು ಬೀಳಬೇಕೆಂದು ಅದರಲ್ಲಿ ಕೆಂಪು ಬಣ್ಣ ಬಳಿದಿತ್ತು. ನಾನು ಕಣ್ಣು ಮುಚ್ಚಿ ಶಿವನನ್ನು ನೆನೆದು ಮುಗಿಸಿದೆ. ರುದ್ರಪ್ಪ ಇದನ್ನು ಸೊರಬದಲ್ಲಿ ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡ. ಇಲ್ಲಿ ಬರೆಯುತ್ತಿದ್ದೇನೆ, ಹೇಳುತ್ತಿಲ್ಲ.

ಅಲ್ಲಿನವರ ಇನ್ನೊಂದು ಅಭ್ಯಾಸ ನಮಗೆ ಗಾಬರಿ ಹುಟ್ಟಿಸಿತು. ಅವರ ಹೌದು ಎಂಬ ಮಾತು ‘ಯೌ’. ಅದನ್ನು ಎಷ್ಟೋ ಸಲ ಉಸಿರನ್ನು ಒಳಗೆ ಎಳೆದುಕೊಳ್ಳುತ್ತ ಹೇಳುತ್ತಾರೆ, ಕಾಲಿಗೆ ಹಾವು ತಗುಲಿದಂತೆ. ಐನಾರನ ತಾಯಿಗೆ ಊಟ ಚೆನ್ನಾಗಿದೆ ಎಂದು ನಾನು ಹೇಳಿಸಿದಾಗ ಆಕೆ ಹಾಗೆ ಉಸಿರೆಳೆದಳು. ಆಕೆಗೆ ಉಬ್ಬಸವಿದೆ, ಹೆಚ್ಚು ಮಾತಾಡಿಸಬಾರದು ಎಂದು ರುದ್ರಪ್ಪ ನನ್ನ ಕಿವಿಯಲ್ಲಿ ಹೇಳಿದ. ಎರಡು ದಿನದಲ್ಲಿ ಇಡೀ ದೇಶಕ್ಕೇ ಉಬ್ಬಸವೆಂದು ಗೊತ್ತಾಯಿತು.

ಉತ್ತರದ ಹಳ್ಳಿ, ಮೊದಲ ದಿನ

ರೆಕಾರ್ಡಿಂಗ್ ಇದ್ದದ್ದು ಉತ್ತರದ ಒಂದು ಹಳ್ಳಿಯ ಸಮುದಾಯ ಭವನದಲ್ಲಿ. ಹಗಲಿಡೀ ಕಾರಿನ ದಾರಿ. ಮರವೇ ಇಲ್ಲದ ಗುಡ್ಡಗಳು, ಅವುಗಳ ಮೇಲೆ ಕುರಿಗಳು. ಈಸೂರಿನ ಕಡೆ ಕುರಿ ಹಿಂಡು ಕಂಡರೆ ಅದರ ಹಿಂದೆ ಕಂಬಳಿ ಹೊದ್ದ ಮನುಷ್ಯ ಕಾಣಲೇಬೇಕು. ಇಲ್ಲಿ ಮೈಲುಗಟ್ಟಲೆ ಹೋದರೂ ಕುರಿಯ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಬೇಸಿಗೆಯಿಡೀ ತಾವೇ ಮೇಯುತ್ತವೆ, ಚಳಿಗೆ ಮುಂಚೆ ಊರವರೆಲ್ಲ ಸೇರಿ ಹುಡುಕಿ ತರುತ್ತಾರೆ ಎಂದು ಐನಾರ್ ಹೇಳಿದ. ಯಾರೂ ಇಲ್ಲದೆ ಅವು ಅಷ್ಟು ನೆಮ್ಮದಿಯಾಗಿದ್ದುದನ್ನು ನೋಡಿ ನನಗೆ ಯಾಕೋ ಸಂಕಟವಾಯಿತು.

ಭವನದಲ್ಲಿ ಗುದ್ರುನ್ ಕಾಯುತ್ತಿದ್ದಳು. ತಂಡಕ್ಕೆ ಹಾಡುವವಳು, ಪೆಟ್ಟಿಗೆ ನುಡಿಸುವವಳು ಅವಳೇ. ಮೂವತ್ತು ದಾಟಿರಲಿಕ್ಕಿಲ್ಲ. ಮಾತು ಬಹಳ ಕಡಿಮೆ. ನಮ್ಮಿಬ್ಬರಿಗೂ ಗಟ್ಟಿ ಮೊಸರಿನಂಥ ಒಂದು ಪದಾರ್ಥವನ್ನು ಬಟ್ಟಲಲ್ಲಿ ಕೊಟ್ಟಳು. ನಾನು ಅದಕ್ಕೆ ಚಟ್ನಿಪುಡಿ ಕಲಸಿ ರೊಟ್ಟಿ ಮುರಿದದ್ದನ್ನು ನೋಡಿ ತಾನೂ ಹಾಗೇ ತಿಂದು, ಕಣ್ಣಲ್ಲಿ ನೀರು ಬಂದರೂ ಬಿಡದೆ ಬಟ್ಟಲು ಖಾಲಿ ಮಾಡಿದಳು. ಅವಳು ನನಗೆ ಆಗಲೇ ಇಷ್ಟವಾದಳು.

ಪೆಟ್ಟಿಗೆಯ ಹಿಂಬದಿ ಬಿಚ್ಚಿ, ಕುರಿಮರಿಯ ತೆಳ್ಳನೆಯ ಚರ್ಮ ಕತ್ತರಿಸಿ ಹರಿದ ಕಡೆ ಒಳಗಿನಿಂದ ತೇಪೆ ಹಾಕಿದೆ. ಸರೇಸು ಒಣಗಿದ ಮೇಲೆ ಗುದ್ರುನ್ ಕಾಲಲ್ಲಿ ಒತ್ತಿದಳು. ತೇಪೆ ಪಟ್ಟನೆ ಕಿತ್ತು ಬಂತು. ಇನ್ನೊಂದು ಹಾಕಿದೆ, ಅದೂ ಹಾಗೇ ಆಯಿತು. ಮೂವತ್ತು ವರ್ಷದ ಕಸುಬು, ದೇಶಾಂತರ ಬಂದು ಮರ್ಯಾದೆ ಕಳೆದುಕೊಳ್ಳುವ ಹೊತ್ತು. ಕೊನೆಗೆ ಬಗ್ಗಿ ನೋಡಿದಾಗ ತಿಳಿಯಿತು. ನಮ್ಮ ಪೆಟ್ಟಿಗೆ ಗಾಳಿಯನ್ನು ಹೊರಗೆ ದಬ್ಬಿ ಹಾಡುತ್ತದೆ. ಇದು ಒಳಗೆ ಎಳೆದುಕೊಂಡು ಹಾಡುತ್ತದೆ. ಮಾತಾಡುವವರೂ ಹಾಗೆ, ಪೆಟ್ಟಿಗೆಯೂ ಹಾಗೆ. ತೇಪೆಯನ್ನು ಹೊರಗಿನಿಂದ ಹಾಕಿದೆ, ಒಳಕ್ಕೆ ಎಳೆಯುವ ಗಾಳಿಗೇ ಅಂಟಿ ಅಲ್ಲಾಡದೆ ಕೂತಿತು.

ಎರಡನೇ ದಿನ

ಬೆಳಿಗ್ಗೆ ತಂಡದವರೆಲ್ಲ ಪಕ್ಕದ ಊರಿಗೆ ಸಾಮಾನು ತರಲು ಹೋದರು. ಗಿಟಾರಿನ ಮನುಷ್ಯನೂ ರೆಕಾರ್ಡಿಂಗ್ ಮಾಡುವ ಮನುಷ್ಯನೂ ಹೊರಟರು. ರುದ್ರಪ್ಪನನ್ನೂ ಜೊತೆಗೆ ಕರೆದುಕೊಂಡರು. ನಾನೊಬ್ಬನೇ ಉಳಿದೆ.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಒಪ್ಪಿಕೊಂಡ ರಿಪೇರಿ ಮುಗಿದ ಮೇಲೆ ಒಮ್ಮೆ ಎಲ್ಲ ಸ್ವರಗಳನ್ನೂ ನೋಡಿ, ಇಳಿದದ್ದನ್ನು ಎತ್ತಿ, ಶ್ರುತಿ ಮಾಡಿಯೇ ಪೆಟ್ಟಿಗೆ ವಾಪಸು ಕೊಡಬೇಕು. ಅದನ್ನು ಗಿರಾಕಿ ಕೇಳುವುದಿಲ್ಲ, ನಾವು ಹೇಳುವುದೂ ಇಲ್ಲ. ಆನವಟ್ಟಿ ಸಂತೆಯಲ್ಲಿ ತೂಕ ಮುಗಿದ ಮೇಲೆ ಒಂದು ಹಿಡಿ ಮೆಣಸಿನಕಾಯಿ ಮೇಲೆ ಹಾಕುತ್ತಾರಲ್ಲ, ಅಂಥ ಕೊಸರು. ಶ್ರುತಿ ಮಾಡದೆ ಪೆಟ್ಟಿಗೆ ಕಳಿಸುವವನು ಕೈ ತೊಳೆಯದೆ ಬಡಿಸುವವನು ಎಂದು ಅಪ್ಪ ಹೇಳುತ್ತಿದ್ದರು.

ಒಂದೊಂದೇ ಕೀ ಒತ್ತಿ ನೋಡಿದೆ. ಒಂದೊಂದು ಕೀಗೂ ಒಳಗೆ ಎರಡೆರಡು ರೀಡು. ಎಲ್ಲ ಹೆಚ್ಚುಕಡಿಮೆ ನೆಟ್ಟಗಿದ್ದವು, ನಡುವಿನ ಪಂಚಮ ಒಂದನ್ನು ಬಿಟ್ಟು. ಅದರ ಎರಡು ರೀಡುಗಳಲ್ಲಿ ಒಂದು ಚೆನ್ನಾಗಿ ಇಳಿದುಹೋಗಿತ್ತು. ಹಾಗಾದಾಗ ಎರಡೂ ಕೂಡಿ ಒಂದರ ಮೇಲೊಂದು ಹತ್ತಿ ಇಳಿದು ತೂಗುತ್ತವೆ. ನಾವು ಅದಕ್ಕೆ ಅಲೆ ಎನ್ನುತ್ತೇವೆ. ಅಲೆ ನಿಲ್ಲಿಸುವುದೇ ನಮ್ಮ ಅನ್ನ. ರೀಡಿನ ತುದಿಯನ್ನು ಅರದಿಂದ ಒಂದಿಷ್ಟೇ ಉಜ್ಜಿದರೆ ಸ್ವರ ಏರುತ್ತದೆ. ಉಜ್ಜಿದೆ, ಕೇಳಿದೆ, ಮತ್ತೆ ಉಜ್ಜಿದೆ. ಅರ್ಧ ಗಂಟೆಯಲ್ಲಿ ಪಂಚಮ ಕೊಳದ ನೀರಿನ ಹಾಗೆ ನಿಂತಿತು. ಇಷ್ಟು ದೂರ ಕರೆಸಿಕೊಂಡವರಿಗೆ ನನ್ನದೂ ಒಂದು ಕೊಡುಗೆ ಆಯಿತಲ್ಲ ಎಂದು ಬಹಳ ಸಂತೋಷಪಟ್ಟೆ.

ಮಧ್ಯಾಹ್ನ ಗುದ್ರುನ್ ಬಂದು ಪೆಟ್ಟಿಗೆಯ ಮುಂದೆ ಕೂತಳು. ಪಂಚಮ ಒತ್ತಿದಳು. ಬಿಟ್ಟು ಮತ್ತೆ ಒತ್ತಿದಳು. ಹಾಡಲು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಐನಾರ್ ಬಂದು ತಾನೂ ಒತ್ತಿ ನೋಡಿದ. ನಾನು ಹಲ್ಲು ಕಿರಿಯುತ್ತ ಅರ ಎತ್ತಿ ತೋರಿಸಿದೆ. ಯಾರೂ ನಗಲಿಲ್ಲ. ಅವರವರೇ ಮೆಲ್ಲಗೆ ಮಾತಾಡಿಕೊಂಡರು. ಗುದ್ರುನ್ ಎದ್ದು ಹೊರಗೆ ಹೋದಳು. ಕಿಟಕಿಯಿಂದ ನೋಡಿದರೆ ಕುರಿಗಳ ನಡುವೆ ಒಬ್ಬಳೇ ನಡೆಯುತ್ತಿದ್ದಳು.

ರುದ್ರಪ್ಪ ನನ್ನ ಪಕ್ಕ ಬಂದು ಕೂತ. “ಭಾವ, ಅವ್ರಿಗೆ ಆ ಸ್ವರ ಹಂಗೇ ಬೇಕಿತ್ತಂತೆ. ಹೊಸ ಹಾಡೆಲ್ಲ ಅದ್ರ ಮೇಲೇ ಕಟ್ಟಿದ್ದಂತೆ.”

“ಕೆಟ್ಟ ಸ್ವರ ಯಾರಿಗ್ ಬೇಕಾಗ್ತೈತೋ ಮಾರಾಯ?”

“ಅವಳಿಗೆ,” ಎಂದ ರುದ್ರಪ್ಪ. “ಬೈಲಿಲ್ಲ ಭಾವ. ಪ್ರೀತಿಯಿಂದ ಮಾಡಿದಾರೆ, ಅವ್ರಿಗೆ ಬೇಜಾರು ಮಾಡಬ್ಯಾಡಿ ಅಂತ ಹೇಳಿ ಹೋದ್ಲು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ರೆಕಾರ್ಡಿಂಗ್ ಮನುಷ್ಯ ಮರುದಿನ ಸಂಜೆ ಯಂತ್ರ ಕಟ್ಟಿಕೊಂಡು ಹೊರಡುವವನಿದ್ದ. ಅಷ್ಟರೊಳಗೆ ಅವಳಿಗೆ ತನ್ನ ಪಂಚಮ ಸಿಗಬೇಕಿತ್ತು. ಅದನ್ನು ಕಳೆದವನು ನಾನು.

ಅದೇ ಮಧ್ಯಾಹ್ನ, ಕ್ಯಾಸೆಟ್ಟುಗಳ ಮುಂದೆ

ಮೂರೂ ಕ್ಯಾಸೆಟ್ಟು ಹಾಕಿ ಕೇಳಿಸು ಎಂದು ಐನಾರನಿಗೆ ಹೇಳಿಸಿದೆ. ಅವನ ಬಳಿ ಒಳ್ಳೆಯ ಟೇಪು ಇತ್ತು, ಕರೆಂಟೂ ನೆಟ್ಟಗಿತ್ತು. ಆದರೂ ಆ ಸ್ವರ ತೂಗಿತು. ನಾನು ಸುಮ್ಮನೆ ನಮ್ಮೂರ ಕರೆಂಟ್ ಆಫೀಸಿನವರನ್ನು ಬೈದಿದ್ದೆ.

ಕಣ್ಣು ಮುಚ್ಚಿ ಅಲೆಗಳನ್ನು ಎಣಿಸಿದೆ. ಮೊದಲ ಕ್ಯಾಸೆಟ್ಟಿನಲ್ಲಿ ಒಂದು ನೀಳ ಉಸಿರಿಗೆ ಒಂದೇ ಅಲೆ. ಗಿಟಾರುಗಳು ಅದನ್ನು ಮುಚ್ಚಿಹಾಕಲು ಕೂಗುತ್ತಿದ್ದವು, ಗುದ್ರುನ್ ಅದರ ಜೊತೆ ಜಗಳಕ್ಕೆ ಬಿದ್ದವಳಂತೆ ದನಿಯೆತ್ತಿ ಹಾಡಿದ್ದಳು. ಎರಡನೆಯದರಲ್ಲಿ ಉಸಿರಿಗೆ ಎರಡು ಅಲೆ. ಗಿಟಾರು ಹಿಂದೆ ಸರಿದಿತ್ತು, ಡ್ರಮ್ಮಿನ ಪೆಟ್ಟು ವಿರಳವಾಗಿತ್ತು. ಅವಳು ಒಂದೊಂದು ಸಾಲಿಗೂ ಮೊದಲು ಪೆಟ್ಟಿಗೆಯನ್ನು ಕೇಳಿಸಿಕೊಂಡು ಆಮೇಲೆ ಬಾಯಿ ತೆರೆಯುತ್ತಿದ್ದಳು. ಮೂರನೆಯದರಲ್ಲಿ ಮೂರು ಅಲೆ. ಅಲ್ಲಿ ಹಾಡು ಅಷ್ಟು ನಿಧಾನವಾಗಿದ್ದದ್ದು ಏಕೆಂದು ಈಗ ಗೊತ್ತಾಯಿತು. ಒಂದು ರೀಡು ನೆಟ್ಟಗಿತ್ತು, ಇನ್ನೊಂದು ಇಳಿದಿತ್ತು, ಅವೆರಡರ ನಡುವಿನ ಸಂದಿಯಲ್ಲಿ ಅವಳು ತನ್ನ ದನಿಯನ್ನು ಇಟ್ಟಿದ್ದಳು. ಅಂಥ ಜಾಗದಲ್ಲಿ ಅವಸರ ಮಾಡಲು ಆಗುವುದಿಲ್ಲ.

ಇದನ್ನು ರುದ್ರಪ್ಪನ ಮೂಲಕ ಐನಾರನಿಗೆ ಹೇಳಿದೆ. ಹಿತ್ತಾಳೆ ದಣಿಯುತ್ತ ವರ್ಷ ವರ್ಷ ಒಂದೊಂದು ಕೂದಲೆಳೆ ಇಳಿದಿದೆ, ನೀವೆಲ್ಲ ಗೊತ್ತಿಲ್ಲದೆ ಅದರ ಹಿಂದೆ ಇಳಿದಿದ್ದೀರಿ ಎಂದೆ. ಪತ್ರಿಕೆಯವರು ತಮ್ಮ ಸಂಗೀತ ಬದಲಾದದ್ದಕ್ಕೆ ಏನೇನೋ ಕಾರಣ ಬರೆದಿದ್ದರು, ತಾವೂ ಕೇಳಿದವರಿಗೆಲ್ಲ ಏನೇನೋ ಹೇಳಿದ್ದೆವು ಎಂದು ಅವನು ತಲೆಯ ಮೇಲೆ ಕೈಯಿಟ್ಟುಕೊಂಡ. ಬಾಗಿಲಲ್ಲಿ ಗುದ್ರುನ್ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ, ಎಲ್ಲ ಕೇಳಿಸಿಕೊಂಡಿದ್ದಳು.

ಮೂರನೇ ದಿನ

ರೀಡಿನ ಬುಡವನ್ನು ಉಜ್ಜಿದರೆ ಸ್ವರ ಇಳಿಯುತ್ತದೆ. ಆದರೆ ಬುಡವೇ ಅದರ ಜೀವ, ಅದಾಗಲೇ ದಣಿದಿತ್ತು. ಒಂದು ಎಳೆ ಹೆಚ್ಚಾದರೆ ಮುರಿಯುತ್ತದೆ. ತುದಿಗೆ ಮೇಣ ಅಂಟಿಸಿಯೂ ಇಳಿಸಬಹುದು, ಆದರೆ ದನಿ ಮಂಕಾಗುತ್ತದೆ, ನಾಲ್ಕು ದಿನಕ್ಕೆ ಉದುರುತ್ತದೆ. ಇದನ್ನೆಲ್ಲ ಬೆಳಿಗ್ಗೆಯೇ ತಂಡಕ್ಕೆ ತಿಳಿಸಿದೆ. ಉಜ್ಜುವುದಾದರೆ ಯಾವ ಕ್ಯಾಸೆಟ್ಟಿನ ಜಾಗಕ್ಕೆ ಇಳಿಸಲಿ ಎಂದು ಕೇಳಿದೆ.

ಗಿಟಾರಿನವನಿಗೆ ಮೊದಲನೆಯದು ಬೇಕಿತ್ತು. ಐನಾರ್ ಮೂರನೆಯದೇ ಇರಲಿ, ಹಾಡು ಅಭ್ಯಾಸವಾಗಿರುವುದು ಅದಕ್ಕೇ ಎಂದ. ಗುದ್ರುನ್ ನನ್ನ ಕಡೆಗೇ ತಿರುಗಿ, ನನಗೆ ತಿಳಿಯುವುದೇನೋ ಎಂಬಂತೆ ನಿಧಾನವಾಗಿ ಹೇಳಿದಳು.

ರುದ್ರಪ್ಪ ಕನ್ನಡಕ್ಕೆ ತರಲು ಸ್ವಲ್ಪ ತಡವರಿಸಿದ. “ಹಿಂದಿನ ಯಾವ್ದೂ ಬ್ಯಾಡಂತೆ ಭಾವ. ಯಾರೂ ಮುಟ್ಟದೇ ಬಿಟ್ಟಿದ್ರೆ ಬರೋ ವರ್ಷ ಇದು ಎಲ್ಲಿಗೆ ಇಳೀತಿತ್ತು, ಅಲ್ಲಿಗೆ ಇಳ್ಸಿ ಅಂತಾಳೆ. ಅದು ನಿಮಗೊಬ್ರಿಗೇ ಗೊತ್ತಿರೋದು ಅಂತಾಳೆ.”

ಮೂವತ್ತು ವರ್ಷ ನಾನು ಮಾಡಿದ್ದು ಸ್ವರಗಳನ್ನು ಹಿಂದಕ್ಕೆ, ಅವು ಮೊದಲು ಇದ್ದ ಜಾಗಕ್ಕೆ ಕರೆತರುವ ಕೆಲಸ. ಒಂದು ಸ್ವರವನ್ನು ಅದು ಇನ್ನೂ ಕಾಣದ ಜಾಗಕ್ಕೆ ಕಳಿಸು ಎಂದು ಯಾರೂ ಕೇಳಿರಲಿಲ್ಲ. ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದರೋ ಎಂದು ಹೆದರಿದೆ. ಒಂದು ಸಲ ಉಜ್ಜಿ ಕೇಳಿದೆ. ಒಂದು ಅಲೆ. ಇನ್ನೆರಡು ಸಲ. ಎರಡು ಅಲೆ. ಮತ್ತೆ ಉಜ್ಜಿದೆ, ಮೂರನೆಯ ಕ್ಯಾಸೆಟ್ಟಿನ ಜಾಗ ಬಂತು. ಅಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ರೀಡಿನ ಬುಡ ಬೆಳಕಿಗೆ ಹಿಡಿದರೆ ಕಾಗದದಷ್ಟು ತೆಳ್ಳಗೆ ಕಂಡಿತು. ಉಸಿರು ಬಿಗಿಹಿಡಿದು ಇನ್ನೊಂದು ಎಳೆ ಉಜ್ಜಿದೆ. ಮುರಿಯಲಿಲ್ಲ. ಪೆಟ್ಟಿಗೆಯಲ್ಲಿ ಕೂರಿಸಿ ಒತ್ತಿದಾಗ ಒಂದು ಉಸಿರಿಗೆ ಮೂರಕ್ಕಿಂತ ಹೆಚ್ಚು, ನಾಲ್ಕಕ್ಕೆ ಕಡಿಮೆ.

ಇನ್ನೆಷ್ಟು ವರ್ಷ ಬಾಳುತ್ತದೆ ಎಂದು ಗುದ್ರುನ್ ಕೇಳಿಸಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಬುಡ ಸೋತಿದೆ, ಎರಡು ವರ್ಷವೋ ಮೂರೋ, ಆಮೇಲೆ ಮುರಿಯುತ್ತದೆ, ಬೇಕಾದರೆ ಹೊಸ ರೀಡೊಂದನ್ನು ಇಟ್ಟು ಹೋಗುತ್ತೇನೆ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. ಅಲ್ಲಿಯತನಕ ಹಾಡಿದರೆ ತನಗೆ ಸಾಕು ಎಂದಳಂತೆ.

ನಮ್ಮ ಪೈಕಿ ಪೆಟ್ಟಿಗೆ ಒಪ್ಪಿಸಿದವರು ಹಾಡು ಶುರುವಾಗುವ ಮುಂಚೆ ಎದ್ದು ಬಂದುಬಿಡುತ್ತಾರೆ. ನುಡಿಸುವವರು ಬೇರೆ, ನಾವು ಬೇರೆ. ನಾನೂ ಚೀಲ ಕಟ್ಟಿ ಬಾಗಿಲ ಕಡೆ ಹೊರಟಿದ್ದೆ. ಗುದ್ರುನ್ ನನ್ನ ಮಣಿಕಟ್ಟು ಹಿಡಿದು ಕರೆತಂದು ಪೆಟ್ಟಿಗೆಯ ಮುಂದೆ ಕೂರಿಸಿದಳು. ಈಗ ಹಾಡಲಿದ್ದ ಹಾಡಿಗೆ ಬೇಕಾದದ್ದು ಪಂಚಮ ಒಂದೇ, ಮೊದಲಿನಿಂದ ಕೊನೆಯವರೆಗೆ. ತಾನು ದೂರ ಕಿಟಕಿಯ ಬಳಿ ನಿಂತು ಹಾಡಬೇಕು, ಆ ರೀಡು ಎಷ್ಟು ಭಾರ ತಾಳುತ್ತದೆಂದು ಬಲ್ಲವರೇ ಒತ್ತಲಿ ಎಂದಳು. ನನಗೆ ನುಡಿಸಲು ಬಾರದು ಎಂದು ಹೇಳು ಎಂದು ರುದ್ರಪ್ಪನಿಗೆ ಹೇಳಿದೆ. ಅವನು ಅದನ್ನು ಹೇಳಲೇ ಇಲ್ಲ.

ಕಾಲಿನಲ್ಲಿ ಮೆಲ್ಲಗೆ ಒತ್ತುತ್ತ ಬೆರಳಿಟ್ಟೆ. ಅಲೆ ಎದ್ದಿತು. ಗುದ್ರುನ್ ಕಿಟಕಿಯ ಕಡೆ ಮುಖ ಮಾಡಿ ನಿಂತು ಕೇಳಿಸಿಕೊಂಡಳು. ಅವಳ ದನಿ ಬಂದಾಗ ಅದು ಎರಡು ರೀಡುಗಳ ನಡುವೆ ಕೂರಲಿಲ್ಲ. ಇಳಿದ ರೀಡಿನ ಕೆಳಗೆ ಹೋಗಿ, ಅದನ್ನು ಅಂಗೈಯಲ್ಲಿ ಎತ್ತಿಕೊಂಡಂತೆ ನಿಂತಿತು. ಡ್ರಮ್ಮಿನ ಮುಂದೆ ಕೂತಿದ್ದ ಐನಾರ್ ಒಂದು ಪೆಟ್ಟೂ ಹಾಕದೆ ಕೋಲುಗಳನ್ನು ತೊಡೆಯ ಮೇಲಿಟ್ಟ. ನನಗೆ ಒಂದು ಮಾತೂ ಅರ್ಥವಾಗಲಿಲ್ಲ. ಕಣ್ಣು ಮಾತ್ರ ತುಂಬಿ ಬಂತು, ಬೆರಳು ಅಲುಗೀತೆಂದು ಒರೆಸಿಕೊಳ್ಳಲಿಲ್ಲ.

ಅವಳ ಹಾಡು ಮುಗಿಯಿತು. ಇನ್ನು ಸಾಕು ಎಂದು ಯಾರೂ ಸನ್ನೆ ಮಾಡಲಿಲ್ಲ. ಯಾವಾಗ ಬಿಡಬೇಕೆಂದು ನನಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಬಿಡಲು ಮನಸ್ಸೂ ಬರಲಿಲ್ಲ. ಆ ಕ್ಯಾಸೆಟ್ಟು ಈಗ ಶಿಕಾರಿಪುರಕ್ಕೆ ಬಂದಿದೆ, ಅವರು ಆ ಕೊನೆಯ ಭಾಗವನ್ನು ಕತ್ತರಿಸಿಲ್ಲ. ಹಾಡು ನಿಂತು ಎಷ್ಟೋ ಹೊತ್ತಾದ ಮೇಲೂ ಇಳಿದ ಪಂಚಮವೊಂದು ಹಾಗೇ ತೂಗುತ್ತಿರುತ್ತದೆ. ಅಲ್ಲಿ ಬೆರಳು ಎತ್ತದೆ ಕೂತಿರುವವನು ನಾನು.